ವಾಮನಮೂರ್ತಿಯ ಮೂರನೆಯ ಆವೃತ್ತಿ

ಭುಜಂಗಯ್ಯನವರು ಯಂತ್ರಕ್ಕೆ ಹೊದಿಸಿದ್ದ ಹಳೆಯ ಸೀರೆಯನ್ನು ಸರಕ್ಕನೆ ಎಳೆದಾಗ, ಕೋಣೆಯಲ್ಲಿದ್ದ ನಾಲ್ವರಲ್ಲಿ ಮೂವರು ಚಪ್ಪಾಳೆ ತಟ್ಟಿದರು. ತಟ್ಟದೆ ಉಳಿದವರು ಮನೆಯ ಯಜಮಾನ ವಾಮನಮೂರ್ತಿ. ಅವರ ಅಂಗೈ ಆಗಲೇ ಬೆವರಿ ಒದ್ದೆಯಾಗಿತ್ತು.

ಯಂತ್ರ ಅಕ್ಕಿ ಡ್ರಮ್ಮಿನಷ್ಟು ದಪ್ಪಗಿತ್ತು. ಮುಂದೆ ಒಂದು ಗಾಜಿನ ಕಣ್ಣು, ಅಕ್ಕಪಕ್ಕದಲ್ಲಿ ಎರಡು ಉದ್ದನೆಯ ಕೈ, ಹೊಟ್ಟೆಯ ಬಳಿ ಪುಸ್ತಕ ಇಡಲು ಎರಡು ತಟ್ಟೆ. ಭುಜಂಗಯ್ಯ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಅವರು ಕಂಡುಹಿಡಿದದ್ದಕ್ಕೆಲ್ಲ ಲಿಫ್ಟಿನ ಬಿಡಿಭಾಗಗಳೇ ಆಧಾರ. ಹೋದ ವರ್ಷ ಮಾಡಿದ ದೋಸೆ ಯಂತ್ರ ಹಿಟ್ಟನ್ನು ಕಾವಲಿಯ ಮೇಲೆ ಹುಯ್ಯುವ ಬದಲು ಚಾವಣಿಗೆ ಕಳಿಸಿತ್ತು. ಆ ಕಲೆ ಇನ್ನೂ ಅವರ ಅಡುಗೆಮನೆಯಲ್ಲಿದೆ. ವಾಮನಮೂರ್ತಿಯ ಹೆಂಡತಿ ಕಲ್ಯಾಣಿಯ ತಂಗಿಯನ್ನು ಮದುವೆಯಾದ ತಪ್ಪಿಗೆ, ಅಂದರೆ ಷಡ್ಡಕರಾದ ತಪ್ಪಿಗೆ, ಅವರ ಪ್ರಯೋಗಗಳಲ್ಲಿ ಅರ್ಧ ಈ ಮನೆಯ ಪಾಲಿಗೇ ಬರುತ್ತಿದ್ದವು.

"ಇದು ತೀರ್ಪುಗಾರ, ಭಾವ," ಎಂದರು ಭುಜಂಗಯ್ಯ. "ಈ ತಟ್ಟೇಲಿ ಹಳೇ ಪುಸ್ತಕ ಇಡಿ, ಆ ತಟ್ಟೇಲಿ ಹೊಸದರ ಮಾದರಿ ಪುಟ ಇಡಿ. ಎರಡನ್ನೂ ಓದಿ, ತನ್ನೊಳಗೇ ಲಕ್ಷ ಯುದ್ಧ ಆಡಿ, ಹೊಸದು ಕೊಳ್ಳಬೇಕೋ ಬೇಡವೋ ಅಂತ ಹೇಳಿಬಿಡುತ್ತೆ. ಪಕ್ಷಪಾತ ಇಲ್ಲ, ದಾಕ್ಷಿಣ್ಯ ಇಲ್ಲ."

ದಾಕ್ಷಿಣ್ಯ ಇಲ್ಲ ಎಂಬ ಮಾತು ಕೇಳಿ ವಾಮನಮೂರ್ತಿ ಯಂತ್ರದಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಯಾವ ಪುಸ್ತಕ, ಯಾವ ಯುದ್ಧ ಎಂದು ಹೇಳಬೇಕು. ವಾಮನಮೂರ್ತಿಯದು ಮೈಸೂರಿನ ವಿದ್ಯಾರಣ್ಯಪುರದಲ್ಲಿ ಮನೆ. ಮೇಲಿನ ಮಹಡಿಯಲ್ಲಿ ಹಲ್ಲಿನ ಲ್ಯಾಬು. ಊರಿನ ದಂತವೈದ್ಯರು ಕಳಿಸುವ ಅಚ್ಚುಗಳಿಗೆ ತಕ್ಕಂತೆ ಹಲ್ಲಿನ ಸೆಟ್ ಮಾಡಿಕೊಡುವುದು ಅವರ ಕಸುಬು. ಆದರೆ ಭಾನುವಾರ ಮಧ್ಯಾಹ್ನ ಎರಡರಿಂದ ಆರರ ತನಕ ಆ ಲ್ಯಾಬು ರಣರಂಗ. ದೊಡ್ಡ ಮೇಜಿನ ಮೇಲೆ ಪ್ಲಾಸ್ಟರಿನ ಬೆಟ್ಟ, ಪ್ಲಾಸ್ಟರಿನ ಹೊಳೆ, ಹೆಬ್ಬೆರಳೆತ್ತರದ ಸೈನಿಕರು. 'ಏಳು ಕೋಟೆ' ಎಂಬ ಆಟ. ಸೈನ್ಯವನ್ನು ಟೇಪು ಹಿಡಿದು ಅಳೆದು ಮುಂದೆ ಸರಿಸಬೇಕು, ದಾಳ ಉರುಳಿಸಿ ಹೊಡೆದಾಡಬೇಕು, ಕೋಟೆ ಹಿಡಿಯಬೇಕು. ಹನ್ನೊಂದು ವರ್ಷಗಳಿಂದ ಆಡುತ್ತಿದ್ದವರು ಮೂವರು. ಕನ್ನಡಕದ ಅಂಗಡಿಯ ಇಲಿಯಾಸ್, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ಪ್ರಮೀಳಾ ಮೇಡಂ, ಮತ್ತು ಹಲ್ಲಿನ ವಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್‌ನಲ್ಲೇ ತಮ್ಮ ಇಡೀ ಸೈನ್ಯವನ್ನು ಎರಕ ಹೊಯ್ದುಕೊಂಡಿದ್ದ ವಾಮನಮೂರ್ತಿ. ದೂರದಿಂದ ನೋಡಿದರೆ ಅವರ ಪಡೆ ನಗುತ್ತಿರುವ ಹಾಗೆ ಕಾಣುತ್ತಿತ್ತು.

ಆಟದ ನಿಯಮಗಳ ಪುಸ್ತಕ ಮುನ್ನೂರ ನಲವತ್ತು ಪುಟದ್ದು, ಮೂರನೆಯ ಆವೃತ್ತಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದ ಇಂಗ್ಲಿಷು. ಇಲಿಯಾಸ್ ಮತ್ತು ಮೇಡಂ ಮೊದಲ ವಾರವೇ ಕೈಯೆತ್ತಿಬಿಟ್ಟಿದ್ದರು. ಅಂದಿನಿಂದ ಒಂದು ಪದ್ಧತಿ ಬೆಳೆದುಬಂತು. ಜಗಳ ಬಂದಾಗಲೆಲ್ಲ ಆಟ ನಿಲ್ಲುತ್ತಿತ್ತು. ವಾಮನಮೂರ್ತಿ ಎದ್ದು ಒಳಕೋಣೆಗೆ ಹೋಗಿ ಪುಸ್ತಕ ನೋಡಿಕೊಂಡು ಬರುತ್ತಿದ್ದರು. ಬಂದು ಹೇಳಿದ್ದೇ ನಿಯಮ.

ಈಗ ನಾಲ್ಕನೆಯ ಆವೃತ್ತಿ ಬರುವುದರಲ್ಲಿತ್ತು. ಅದೂ ಕನ್ನಡದಲ್ಲಿ!

ಇಲಿಯಾಸ್ ಕುಣಿದಾಡಿದರು. ಮೇಡಂ ಪ್ರಕಾಶಕರು ಹಂಚಿದ್ದ ಮಾದರಿ ಪುಟಗಳನ್ನು ಮುದ್ರಿಸಿಕೊಂಡೇ ಬಂದರು. ಬೇಡ ಎಂದವರು ವಾಮನಮೂರ್ತಿ ಒಬ್ಬರೇ. ಹಳೆಯದಕ್ಕೇನು ಕಡಿಮೆಯಾಗಿದೆ ಎಂದರು. ಹೊಸದರಲ್ಲಿ ಯುದ್ಧದ ಗಾಂಭೀರ್ಯ ಇರುವುದಿಲ್ಲ ಎಂದರು. ಕನ್ನಡದಲ್ಲಿ ಫಿರಂಗಿಗೆ ಆ ಗತ್ತು ಬರುವುದಿಲ್ಲ ಎಂದೂ ಹೇಳಿ, ಹೇಳಿದ ಮರುಕ್ಷಣವೇ ತಮಗೇ ನಾಚಿಕೆಯಾಗಿ ಕೆಮ್ಮಿದರು. ಮೂರು ಭಾನುವಾರ ಆಟವೇ ನಡೆಯದೆ ಬರೀ ಚರ್ಚೆಯಾಯಿತು. ನಾಲ್ಕನೆಯ ಭಾನುವಾರ ಭುಜಂಗಯ್ಯ ಮೂಗು ತೂರಿಸಿದರು.

ನಿಜ ಸಂಗತಿ ಏನೆಂದರೆ, ವಾಮನಮೂರ್ತಿ ಆ ಪುಸ್ತಕವನ್ನು ಓದಿರಲಿಲ್ಲ. ಪೂರ್ತಿ ಓದಿಲ್ಲ ಅಂತಲ್ಲ, ಮೂವತ್ತಮೂರನೆಯ ಪುಟ ದಾಟಿರಲೇ ಇಲ್ಲ. ಅಲ್ಲಿಗೆ ನಿದ್ದೆ ಬಂದಿತ್ತು. ಮುಂದಿನ ಭಾನುವಾರ ಇಲಿಯಾಸರ ಆನೆಗಳು ಹೊಳೆ ದಾಟಿ ತಮ್ಮ ಕೋಟೆಯತ್ತ ಬರುವಾಗ, ಒಳಕೋಣೆಯಲ್ಲಿ ಎರಡು ನಿಮಿಷ ಗೋಡೆ ನೋಡುತ್ತ ನಿಂತು, ಹೊರಬಂದು ಆನೆ ಹೊಳೆ ದಾಟುವಂತಿಲ್ಲ ಎಂದುಬಿಟ್ಟಿದ್ದರು. ಇಬ್ಬರೂ ತಲೆಯಾಡಿಸಿ ಒಪ್ಪಿಕೊಂಡರು. ವಾಮನಮೂರ್ತಿಯ ಐವತ್ತೆರಡು ವರ್ಷದ ಬಾಳಿನಲ್ಲಿ ಅವರ ಒಂದು ಮಾತಿಗೆ ಇಬ್ಬರು ಒಟ್ಟಿಗೆ ತಲೆಯಾಡಿಸಿದ್ದು ಅದೇ ಮೊದಲು. ಡಾಕ್ಟರುಗಳು ಅವರಿಗೆ ಅಚ್ಚು ಕಳಿಸುತ್ತಿದ್ದರೇ ಹೊರತು ಅಭಿಪ್ರಾಯ ಕೇಳುತ್ತಿರಲಿಲ್ಲ. ಮನೆಯಲ್ಲಿ ಹುಳಿಗೆ ಯಾವ ತರಕಾರಿ ಎಂದು ಕೇಳುತ್ತಿದ್ದರೂ, ಕೇಳುವ ಹೊತ್ತಿಗೆ ಹುಳಿ ಕುದಿಯುತ್ತಿರುತ್ತಿತ್ತು. ಆ ರುಚಿ ಹತ್ತಿದ ಮೇಲೆ ಬಿಡುವುದು ಹೇಗೆ? ಹನ್ನೊಂದು ವರ್ಷ ಒಳಗೆ ಹೋದರು, ನಿಯಮ ಹುಟ್ಟಿಸಿಕೊಂಡು ಹೊರಗೆ ಬಂದರು. ಸುಳ್ಳನಾದರೂ ಕ್ರಮಬದ್ಧ ಸುಳ್ಳ. ಹೇಳಿದ್ದನ್ನು ಮರೆಯದಿರಲು ಕೈಗೆ ಸಿಕ್ಕ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೈಗೆ ಸಿಗುತ್ತಿದ್ದದ್ದು ಲ್ಯಾಬಿನ ಆರ್ಡರ್ ಪುಸ್ತಕ. ಎಡಪುಟದಲ್ಲಿ ಹಲ್ಲು, ಬಲಪುಟದಲ್ಲಿ ಯುದ್ಧ.

ಕನ್ನಡದ ನಾಲ್ಕನೆಯ ಆವೃತ್ತಿ ಬಂದರೆ ಇಬ್ಬರೂ ಓದುತ್ತಾರೆ. ಮೂರನೆಯದರಿಂದ ಏನೇನು ಬದಲಾಗಿದೆ ಎಂದು ಹುಡುಕುತ್ತಾರೆ. ಆಮೇಲೆ ವಾಮನಮೂರ್ತಿ ಬರೀ ಹಲ್ಲು ಕಟ್ಟುವ ವಾಮನಮೂರ್ತಿ. ಭಾನುವಾರವೂ.

"ಹಳೇ ಪುಸ್ತಕ ಕೊಡಿ ಭಾವ," ಎಂದು ಭುಜಂಗಯ್ಯ ಕೈ ಚಾಚಿದರು.

ವಾಮನಮೂರ್ತಿ ಒಳಕೋಣೆಗೆ ಹೋದರು. ಅಭ್ಯಾಸಬಲದಿಂದ ಗೋಡೆ ನೋಡಿದರು. ಹಾಗೆ ನೋಡಿದಾಗ ಹೊಳೆಯದೆ ಹೋದದ್ದು ಹನ್ನೊಂದು ವರ್ಷದಲ್ಲಿ ಏನೂ ಇರಲಿಲ್ಲ. ಈಗಲೂ ಹೊಳೆಯಿತು. ಮೂಲ ಪುಸ್ತಕದ ಹೊಲಿಗೆ ಸಡಿಲವಾಗಿದೆ, ಯಂತ್ರದ ಕೈಗೆ ಕೊಟ್ಟರೆ ಹರಿದುಹೋಗುತ್ತದೆ, ಆದರೆ ಅದನ್ನು ಪೂರ್ತಿ ಕನ್ನಡಕ್ಕೆ ಇಳಿಸಿ ಬರೆದಿಟ್ಟುಕೊಂಡಿದ್ದೇನೆ ಎಂದು ಹೇಳಿ, ಆರ್ಡರ್ ಪುಸ್ತಕವನ್ನೇ ತಂದು ತಟ್ಟೆಯ ಮೇಲಿಟ್ಟರು. ಇಷ್ಟು ಕಷ್ಟಪಟ್ಟಿದ್ದೀರಾ ಎಂದು ಮೇಡಂ ಮೆಚ್ಚಿಕೊಂಡರು. ವಾಮನಮೂರ್ತಿ ವಿನಯದಿಂದ ತಲೆ ತಗ್ಗಿಸಿದರು. ಎಡಪುಟಗಳ ನೆನಪು ಅವರಿಗೆ ಆಗಲೂ ಬರಲಿಲ್ಲ.

ಯಂತ್ರ ಪುಟಗಳನ್ನು ಪಟಪಟ ತಿರುವಿತು. ಒಳಗೆ ಏನೋ ಗರಗರ ತಿರುಗಿತು. ಆಮೇಲೆ ಲಿಫ್ಟಿನೊಳಗೆ ಕೇಳುವ ಅದೇ ಹೆಂಗಸಿನ ದನಿ, ಅದೇ ಸೌಜನ್ಯ.

"ನಿಯಮಗಳನ್ನು ಓದಲಾಗಿದೆ. ಯುದ್ಧ ಆರಂಭ. ದಯವಿಟ್ಟು ಬಾಗಿಲು ಮುಚ್ಚಿ."

ಕಲ್ಯಾಣಿ ಹೋಗಿ ಬಾಗಿಲು ಮುಚ್ಚಿ ಬಂದರು.

ತನ್ನೊಳಗೇ ಆಡಬೇಕಿದ್ದ ಯಂತ್ರ ಮೇಜಿನತ್ತ ಉರುಳಿಕೊಂಡು ಬಂದು ನಿಜವಾದ ಸೈನಿಕರ ಮೇಲೇ ಕೈಹಾಕಿತು. ಇದು ಹೆಚ್ಚುವರಿ ಸೌಲಭ್ಯ ಎಂದು ಭುಜಂಗಯ್ಯ ವಿವರಿಸಿದರು. ಮೊದಲ ಸುತ್ತು ಚೆನ್ನಾಗಿಯೇ ನಡೆಯಿತು. ಮೇಡಂ ಕುದುರೆಪಡೆ ಮುಂದೆ ಹೋಯಿತು, ಇಲಿಯಾಸರ ಆನೆಗಳು ಹೊಳೆಯ ದಡದಲ್ಲಿ ಎಂದಿನಂತೆ ನಿಂತವು. ಎರಡನೆಯ ಸುತ್ತಿನಲ್ಲಿ ಯಂತ್ರ ಗುಲಾಬಿ ಸೈನ್ಯದ ಬಲಭಾಗದ ಮೇಲೆ ಬಗ್ಗಿ ಕಣ್ಣು ಕಿರಿದು ಮಾಡಿತು.

"ಬಲಗಡೆ ಸ್ವಲ್ಪ ಎತ್ತರ. ಉಜ್ಜತಕ್ಕದ್ದು."

ಅದು ಇನ್ನೊಂದು ಕೈಯಿಂದ ಲ್ಯಾಬಿನ ಉಜ್ಜುವ ಮೋಟಾರನ್ನು ಎಳೆದುಕೊಂಡು, ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಹನ್ನೆರಡು ಬಿಲ್ಲುಗಾರರ ತಲೆಯನ್ನು ನುಣ್ಣಗೆ ಉಜ್ಜಿ ಹಾಕಿತು. ಗುಲಾಬಿ ಪುಡಿ ಹಾರಿ ಎಲ್ಲರ ಮುಖಕ್ಕೂ ಮೆತ್ತಿತು. ವಾಮನಮೂರ್ತಿಗೆ ಆಗ ಎಡಪುಟ ನೆನಪಾಯಿತು. ಅದು ಅಗ್ರಹಾರದ ಡಾಕ್ಟರು ವಾಪಸು ಕಳಿಸಿದ್ದ ಒಂದು ಸೆಟ್ಟಿನ ಬಗ್ಗೆ ಅವರೇ ಬರೆದುಕೊಂಡಿದ್ದ ಟಿಪ್ಪಣಿ.

ಇದು ಯಾವ ನಿಯಮ ಎಂದು ಇಲಿಯಾಸ್ ಕೇಳಿದರು. ವಾಮನಮೂರ್ತಿ ಬಾಯಿ ಬಿಟ್ಟು, ಬೇರೆ ದಾರಿ ಕಾಣದೆ, ಸೈನ್ಯದ ಎತ್ತರ ಸಮನಾಗಿರಬೇಕು ಅಂತ ಇದೆ ಎಂದರು. ತನ್ನ ಬಿಲ್ಲುಗಾರರ ಬಲಿಗೆ ತಾನೇ ಸಾಕ್ಷಿ ಹೇಳಿದ ಸೇನಾಪತಿ ಇತಿಹಾಸದಲ್ಲಿ ಇನ್ನೊಬ್ಬ ಇರಲಾರ.

ಮುಂದಿನ ನಿಯಮ ಕಚ್ಚಿಸಿ ನೋಡುವುದು. ಹಲ್ಲಿನ ಮೇಲೆ ಹಲ್ಲು ಎಲ್ಲಿ ತಾಗುತ್ತದೆ ಎಂದು ನೋಡಲು ಬಳಸುವ ನೀಲಿ ಕಾಗದವನ್ನು ಯಂತ್ರ ಡ್ರಾಯರಿನಿಂದ ತೆಗೆದು ಇಲಿಯಾಸರ ಬಾಯಿಗೆ ತುರುಕಿತು. ಇಲಿಯಾಸ್ ಸಂಭಾವಿತ ಮನುಷ್ಯ, ಕಚ್ಚಿದರು. ಬಾಯೆಲ್ಲ ನೀಲಿಯಾಯಿತು. ಕಚ್ಚು ಸರಿಯಿದೆ ಎಂದು ಯಂತ್ರ ಅವರಿಗೆ ಒಂದು ಕೋಟೆ ಕೊಟ್ಟಿತು. ಮೇಡಂ ಕಚ್ಚಲು ಒಪ್ಪಲಿಲ್ಲ. ಅದಕ್ಕೆ ಯಂತ್ರ ಅವರ ಫಿರಂಗಿಗಳನ್ನು, ಹಲ್ಲಿನ ಸೆಟ್ಟು ಗಟ್ಟಿಯಾಗಲು ಮಾಡುವ ಹಾಗೆ, ಬಿಸಿನೀರಿನಲ್ಲಿ ಬೇಯಿಸಲು ಹಾಕಿತು.

ಈ ಗದ್ದಲದ ನಡುವೆ ಪುಟ್ಟಮಾದಪ್ಪನವರು ಬಂದರು. ಎಪ್ಪತ್ತರ ಗಟ್ಟಿ ಆಸಾಮಿ, ಬಾಯಲ್ಲಿ ಒಂದೂ ಹಲ್ಲಿಲ್ಲ. ಮೊಮ್ಮಗಳ ಮದುವೆ ಮುಗಿದಿತ್ತು, ಮರುದಿನ ಮಧ್ಯಾಹ್ನ ಬೀಗರೂಟ. ಮಟನ್ ಚಾಪ್ಸಿನ ಎದುರು ಬೊಚ್ಚುಬಾಯಿ ಇಟ್ಟುಕೊಂಡು ಕೂರಲಾರೆ ಎಂದು ತಿಂಗಳ ಮುಂಚೆಯೇ ಹೇಳಿ ಮಾಡಿಸಿದ ಸೆಟ್ಟು, ಇವತ್ತು ಕೊಡುತ್ತೇನೆಂದು ವಾಮನಮೂರ್ತಿ ಮಾತು ಕೊಟ್ಟಿದ್ದರು. ಕಪಾಟಿನಿಂದ ತೆಗೆಯಲು ಕೈ ಚಾಚಿದರೆ, ಯಂತ್ರದ ಕೈ ಅವರದಕ್ಕಿಂತ ಉದ್ದ.

"ಪುಟ್ಟಮಾದಪ್ಪನವರದು. ಮೇಲೆ ಕೆಳಗೆ ಎರಡೂ. ಇಪ್ಪತ್ತೆಂಟು. ಭಾನುವಾರ ಬರತಕ್ಕದ್ದು," ಎಂದಿತು ಯಂತ್ರ. ಇಪ್ಪತ್ತೆಂಟು ಜನರ ತುಕಡಿ ಎಂದು ತಿಳಿದು ಎರಡು ದವಡೆಗಳನ್ನೂ ತಂದು ಇಲಿಯಾಸರ ಕೋಟೆಯ ಮುಂದೆ ಸಾಲಾಗಿ ನಿಲ್ಲಿಸಿತು. ದಾಳ ಉರುಳಿಸಿತು. ತುಕಡಿ ಸೋತಿತು. ಸೆಟ್ಟು ಸೆರೆಯಾಯಿತು. ಮೂರು ಸಲ ಆರು ಬಿದ್ದರೆ ಮಾತ್ರ ಸೆರೆ ಬಿಡುಗಡೆ ಎಂಬುದು ಬಲಪುಟದ ನಿಯಮ. ಅದನ್ನು ಒಮ್ಮೆ ಮೇಡಂ ಕೈಯಿಂದ ತಮ್ಮ ದಳವಾಯಿಯನ್ನು ಬಿಡಿಸಿಕೊಳ್ಳಲಾರದೆ ವಾಮನಮೂರ್ತಿಯೇ ಹುಟ್ಟಿಸಿದ್ದರು. ಕೈ ಹಾಕಿ ಕಿತ್ತುಕೊಳ್ಳಲು ಹೋದ ಭುಜಂಗಯ್ಯನ ಮಣಿಕಟ್ಟನ್ನು ಯಂತ್ರ ಬಾಗಿಲು ಹಿಡಿಯುವ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಪುಟ್ಟಮಾದಪ್ಪನವರು ಸ್ಟೂಲ್ ಎಳೆದುಕೊಂಡು ಕೂತು ದಾಳ ಉರುಳಿಸತೊಡಗಿದರು. ಎರಡು, ನಾಲ್ಕು, ಒಂದು. ಮುಖದಲ್ಲಿ ಚಾಪ್ಸು ದೂರವಾಗುತ್ತಿರುವ ಸಂಕಟ ಎದ್ದು ಕಾಣುತ್ತಿತ್ತು.

"ಇದು ತಲೆಕೆಟ್ಟು ಏನೇನೋ ಓದಿಕೊಂಡಿದೆ," ಎಂದರು ಮೇಡಂ. "ಅಸಲು ಪುಸ್ತಕ ಕೊಟ್ಟುಬಿಡೋಣ. ಹರಿದರೆ ಹರೀಲಿ, ಬೈಂಡ್ ಮಾಡ್ಸೋಣ. ಇಲಿಯಾಸ್, ತನ್ನಿ ಒಳಗಿಂದ."

ಬೇಡ ಎನ್ನಲು ವಾಮನಮೂರ್ತಿ ಬಾಗಿಲಿಗೆ ಅಡ್ಡ ಹೋದರು. ಇಲಿಯಾಸ್ ಅವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಪುಸ್ತಕ ತಂದು ತಟ್ಟೆಯ ಮೇಲಿಟ್ಟರು. ಯಂತ್ರ ಭುಜಂಗಯ್ಯನ ಕೈ ಬಿಟ್ಟು ಪುಟ ತಿರುವತೊಡಗಿತು. ಮೂವತ್ತಮೂರು ಪುಟ ಸರಾಗವಾಗಿ ಹೋಯಿತು. ಅಲ್ಲಿ ನಿಂತಿತು.

"ಮುಂದಿನ ಪುಟಗಳ ಅಂಚು ಕತ್ತರಿಸಿಲ್ಲ. ಮೂವತ್ತನಾಲ್ಕನೆಯ ಪುಟವನ್ನು ಇದುವರೆಗೆ ಯಾರೂ ತೆರೆದಿಲ್ಲ."

ಮುದ್ರಣದಲ್ಲಿ ಅಂಚು ಕತ್ತರಿಸದೆ ಉಳಿದು ಪುಟಗಳು ಮೇಲ್ಗಡೆ ಅಂಟಿಕೊಂಡೇ ಇದ್ದವು. ಹನ್ನೊಂದು ವರ್ಷ. ವಾಮನಮೂರ್ತಿಗೆ ಈ ವಿಷಯ ತಿಳಿಯುವ ಅವಕಾಶವೇ ಬಂದಿರಲಿಲ್ಲ. ಯಂತ್ರ ಲ್ಯಾಬಿನ ಮೇಣದ ಚಾಕುವಿನಿಂದ ಒಂದೊಂದೇ ಪುಟ ಬಿಡಿಸುತ್ತ ಓದಿತು. ಒಂದೊಂದು ಚರ್ ಎನ್ನುವ ಸದ್ದಿಗೂ ವಾಮನಮೂರ್ತಿಯ ಭುಜ ಒಂದೊಂದು ಅಂಗುಲ ಇಳಿಯಿತು.

"ಹೋಲಿಕೆ ಮುಗಿದಿದೆ. ಬರಹದ ಪುಸ್ತಕದಲ್ಲಿ ನಿಯಮಗಳು ಇನ್ನೂರ ಹದಿನಾಲ್ಕು. ಮುದ್ರಿತ ಪುಸ್ತಕದಲ್ಲಿ ಇಲ್ಲದವು ನೂರ ಎಪ್ಪತ್ತಮೂರು. ಹಲ್ಲುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ."

ಪುಟ್ಟಮಾದಪ್ಪನವರು ಮತ್ತೆ ದಾಳ ಉರುಳಿಸಿದರು. ಆಟಕ್ಕೆ ಸಂಬಂಧವಿಲ್ಲದ ಆ ಒಬ್ಬ ಮನುಷ್ಯನ ಮೇಲೆ ವಾಮನಮೂರ್ತಿಗೆ ಅಪಾರ ಪ್ರೀತಿ ಹುಟ್ಟಿತು.

ಇಲಿಯಾಸ್ ಯಂತ್ರದತ್ತ ತಿರುಗಿ, ಆನೆ ಹೊಳೆ ದಾಟಬಹುದೇ ಎಂದು ಕೇಳಿದರು. ದಾಟಬಹುದು ಎಂದಿತು ಯಂತ್ರ. ಇಲಿಯಾಸರದು ಹದಿನಾಲ್ಕು ಆನೆ. ಹಳೆಯ ಕನ್ನಡಕದ ತಂತಿ ಬಗ್ಗಿಸಿ ಒಂದೊಂದಕ್ಕೂ ದಂತ ಮಾಡಿದ್ದರು.

"ಹನ್ನೊಂದು ವರ್ಷ ವಾಮನಣ್ಣ," ಎಂದರು, ನೀಲಿ ಬಾಯಿಯಲ್ಲೇ. "ಅವು ದಡದಲ್ಲೇ ನಿಂತಿದ್ವು. ನೀರು ಕಂಡ್ರೆ ಹೆದರ್ತವೆ ಅಂದಿದ್ರಿ. ನಾನು ಮನೆಗೆ ಹೋಗಿ ಮಕ್ಳಿಗೆಲ್ಲ ಹಂಗೇ ಹೇಳ್ಕೊಟ್ಟಿದೀನಿ."

ವಾಮನಮೂರ್ತಿಗೆ ಸುಳ್ಳು ಹೇಳಲು ಒಳಕೋಣೆ ಬೇಕಿತ್ತು, ನಿಜಕ್ಕೆ ಅದೂ ಬೇಕಾಗಲಿಲ್ಲ.

"ಓದಿಲ್ಲ. ಮೊದಲನೇ ಸಲ ಸೋಲೋ ಭಯಕ್ಕೆ ಹೇಳ್ದೆ, ನಿಜ. ಆಮೇಲೆ ನೀವಿಬ್ರೂ ನನ್ ಬಾಯಿ ನೋಡ್ಕೊಂಡು ಕೂತಿರ್ತಿದ್ರಲ್ಲ, ಅದಕ್ಕೇ ಹೇಳ್ದೆ. ನನ್ನ ಬೇರೆ ಯಾರೂ ಏನೂ ಕೇಳಲ್ಲ ಇಲಿಯಾಸ್. ಹೊಸ ಪುಸ್ತಕ ಬೇಡ ಅಂದಿದ್ದೂ ಅದಕ್ಕೇ."

ಯಾರೂ ಏನೂ ಹೇಳುವ ಮುಂಚೆ ಯಂತ್ರ ಗರಗರ ಎಂದಿತು. ಅದಕ್ಕೆ ಒಪ್ಪಿಸಿದ್ದ ಕೆಲಸ ಈಗ ಮುಗಿದಿತ್ತು. ಬರಹದ ಪುಸ್ತಕದ ನಿಯಮಗಳಲ್ಲಿ ಒಂದು ಲಕ್ಷ ಯುದ್ಧ ಆಡಿ ನೋಡಿದ್ದಾಗಿಯೂ, ಅದರಲ್ಲಿ ಇಲಿಯಾಸ್ ಐವತ್ತೊಂದು ಸಾವಿರ ಚಿಲ್ಲರೆ, ಪ್ರಮೀಳಾ ನಲವತ್ತೆಂಟು ಸಾವಿರ ಚಿಲ್ಲರೆ ಗೆದ್ದಿರುವುದಾಗಿಯೂ ಪ್ರಕಟಿಸಿತು.

"ವಾಮನಮೂರ್ತಿ, ಹನ್ನೊಂದು."

"ಹನ್ನೊಂದು ಸಾವಿರವಾ?" ಎಂದು ಕಲ್ಯಾಣಿ ಕೇಳಿದರು.

"ಹನ್ನೊಂದು," ಎಂದಿತು ಯಂತ್ರ.

ಮೇಡಂಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಈ ಮನುಷ್ಯ ಒಂದು ಭಾನುವಾರ ತನ್ನನ್ನು ಉಳಿಸಿಕೊಳ್ಳಲು ಹುಟ್ಟಿಸಿದ ನಿಯಮವನ್ನು ಬರೆದಿಟ್ಟು, ಮುಂದಿನ ಭಾನುವಾರ ಅದಕ್ಕೆ ತಾನೂ ತಲೆಬಾಗಿದ್ದ. ಅವರಿಬ್ಬರೂ ಅದೇ ನಿಯಮವನ್ನು ಅವನಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡು ಅವನ ಮೇಲೇ ಬಿಟ್ಟಿದ್ದರು. ಮೋಸ ಮಾಡಿ ಮಾಡಿ, ಹನ್ನೊಂದು ವರ್ಷ ಸತತವಾಗಿ ಸೋತವರು ವಾಮನಮೂರ್ತಿ. ಮೇಡಂ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇಲಿಯಾಸ್ ಅಷ್ಟೂ ನೀಲಿ ಹಲ್ಲು ತೋರಿಸಿ ನಕ್ಕರು. ಕಲ್ಯಾಣಿ ನಗುತ್ತ ಕುಸಿದು ಕೂತರು. ಕೊನೆಗೆ ವಾಮನಮೂರ್ತಿಗೂ ನಗದೆ ವಿಧಿಯಿರಲಿಲ್ಲ. ಇಷ್ಟು ಕೆಲಸಕ್ಕೆ ಬಾರದ ಕಳ್ಳನನ್ನು ಅವರೂ ಕಂಡಿರಲಿಲ್ಲ.

ಹೊಸದು ಕೊಳ್ಳಬೇಕೋ ಬೇಡವೋ ಅದನ್ನು ಹೇಳು ಎಂದು ಭುಜಂಗಯ್ಯ ಯಂತ್ರಕ್ಕೆ ಒಂದು ಪೆಟ್ಟು ಕೊಟ್ಟರು.

"ಮೂರನೆಯದನ್ನು ಓದದವರಿಗೆ ನಾಲ್ಕನೆಯದರ ಅಗತ್ಯವಿಲ್ಲ," ಎಂದಿತು ಅದು.

"ಅದೇನಾದ್ರೂ ಹೇಳ್ಲಿ, ಕೊಳ್ಳೋಣ," ಎಂದರು ಮೇಡಂ. "ಪುಸ್ತಕದ ಪ್ರಕಾರ ಆಡಿದ್ರೆ ಮೂರ್ತಿಯವರೂ ಒಂದು ಸಲ ಗೆಲ್ತಾರೇನೋ, ಪಾಪ."

ಪಾಪ ಎಂಬ ಆ ಒಂದು ಮಾತಿನ ಮೇಲೆ ನಾಲ್ಕನೆಯ ಆವೃತ್ತಿಯ ಖರೀದಿ ತೀರ್ಮಾನವಾಯಿತು. ಅಷ್ಟರಲ್ಲಿ ಪುಟ್ಟಮಾದಪ್ಪನವರಿಗೆ ಮೂರನೆಯ ಆರು ಬಿತ್ತು. ಸೆಟ್ಟು ತೊಳೆಸಿ ಬಾಯಿಗೆ ಹಾಕಿಕೊಂಡರು. ಹೊರಡುವ ಮುಂಚೆ, ಮುಂದಿನ ಭಾನುವಾರವೂ ಆಟ ಇರುತ್ತದೆಯೇ ಎಂದು ಸ್ಪಷ್ಟವಾದ ಉಚ್ಚಾರಣೆಯಲ್ಲಿ ವಿಚಾರಿಸಿಕೊಂಡರು.

ಪುಸ್ತಕ ಮುಂದಿನ ತಿಂಗಳು ಬಂತು. ಕನ್ನಡದಲ್ಲಿ ನೂರ ಎಂಬತ್ತೇ ಪುಟ. ವಾಮನಮೂರ್ತಿ ಪ್ರಾಯಶ್ಚಿತ್ತದ ಹಾಗೆ ಮೂರು ಸಲ ಓದಿದರು, ಪೆನ್ಸಿಲಿನಲ್ಲಿ ಗೆರೆ ಎಳೆದು ಓದಿದರು. ಭುಜಂಗಯ್ಯ ಯಂತ್ರದ ತಲೆಯಿಂದ ಹಲ್ಲುಗಳನ್ನೂ ಹಳೆಯ ನಿಯಮಗಳನ್ನೂ ಒರೆಸಿ ಹಾಕಿ, ಹೊಸ ಪುಸ್ತಕ ಓದಿಸಿ, ಅದನ್ನು ನಾಲ್ಕನೆಯ ಆಟಗಾರನಾಗಿ ಕರೆತಂದರು.

ಆ ಭಾನುವಾರ ಆನೆಗಳು ಹೊಳೆ ದಾಟಿದವು. ಹದಿನಾಲ್ಕೂ ದಾಟಿ, ಮೇಡಂ ಕೋಟೆಯನ್ನು ತುಳಿದು, ಮೇಡಂ ಫಿರಂಗಿಗೆ ಸಿಕ್ಕಿ ಮುಗಿದುಹೋದವು. ಇಲಿಯಾಸ್ ಸೋತರೂ ಅಷ್ಟು ಖುಷಿಯಾಗಿದ್ದುದನ್ನು ಯಾರೂ ನೋಡಿರಲಿಲ್ಲ. ಮೇಡಂ ಕಡೆಯೂ ಏನೂ ಉಳಿಯಲಿಲ್ಲ. ನಾಲ್ಕೂವರೆಯ ಹೊತ್ತಿಗೆ ಮೇಜಿನ ಮೇಲೆ ಉಳಿದದ್ದು ವಾಮನಮೂರ್ತಿಯ ಗುಲಾಬಿ ಪಡೆ ಮತ್ತು ಯಂತ್ರದ ಒಂದೇ ಒಂದು ಕೋಟೆ. ವಾಮನಮೂರ್ತಿ ದಾಳ ಕೈಗೆತ್ತಿಕೊಂಡರು. ಎರಡರ ಮೇಲೆ ಏನು ಬಿದ್ದರೂ ಗೆಲುವು ಅವರದೇ.

ಯಂತ್ರದ ಗಾಜಿನ ಕಣ್ಣು ಮೇಜು ಬಿಟ್ಟು ಗೋಡೆಯತ್ತ ತಿರುಗಿತು. ಸುಮಾರು ಎರಡು ನಿಮಿಷ ಹಾಗೇ ನಿಂತಿತ್ತು.

"ಪುಟ ಇನ್ನೂರ ಹನ್ನೆರಡು," ಎಂದಿತು ಆಮೇಲೆ. "ಕೊನೆಯ ಕೋಟೆಯ ಮೇಲೆ ಭಾನುವಾರ ದಾಳಿ ಮಾಡುವಂತಿಲ್ಲ. ಮಾಡಿದವರು ಸೋತಂತೆ."

ಭುಜಂಗಯ್ಯನ ಮುಖ ಅರಳಿತು. ಪುಟ ಸಮೇತ ಬಾಯಿಪಾಠ, ನೋಡಿ ನನ್ನ ಯಂತ್ರ ಎಂದರು. ನೂರ ಎಂಬತ್ತು ಪುಟದ ಹೊಸ ಪುಸ್ತಕ ಎಲ್ಲರ ಕಣ್ಣೆದುರು ಮೇಜಿನ ಮೂಲೆಯಲ್ಲೇ ಇತ್ತು. ಇಲಿಯಾಸ್ ಆಗಲಿ ಮೇಡಂ ಆಗಲಿ ಅದನ್ನು ಮುಟ್ಟಲಿಲ್ಲ. ಇಬ್ಬರೂ ಒಟ್ಟಿಗೆ ವಾಮನಮೂರ್ತಿಯ ಮುಖ ನೋಡಿದರು.

"ಇದೆಯಾ ವಾಮನಣ್ಣ?" ಎಂದರು ಇಲಿಯಾಸ್.

ವಾಮನಮೂರ್ತಿ ಕೈಯಲ್ಲಿದ್ದ ದಾಳ ನೋಡಿದರು, ಹನ್ನೊಂದು ವರ್ಷದಲ್ಲಿ ಇಷ್ಟು ಹತ್ತಿರ ಬಂದ ಗೆಲುವನ್ನು ನೋಡಿದರು, ಗೋಡೆಯಿಂದ ಇನ್ನೂ ಕಣ್ಣು ತಿರುಗಿಸದೆ ನಿಂತಿದ್ದ ಯಂತ್ರವನ್ನು ನೋಡಿದರು. ಮನಸ್ಸು ಕರಗಿಹೋಯಿತು.

"ಇದೆ," ಎಂದು ಹೇಳಿ ದಾಳ ಕೆಳಗಿಟ್ಟರು.

ಆಮೇಲೆ ಎಲ್ಲರೂ ಕಾಫಿಗೆ ಎದ್ದಾಗ ಯಂತ್ರದ ಪಕ್ಕಕ್ಕೆ ಸರಿದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು: "ಎಲ್ಲಾ ಸರಿ, ಪುಟದ ನಂಬರು ಮಾತ್ರ ಹೇಳ್ಬೇಡ. ನಾನು ಒಂದು ಸಲಾನೂ ಹೇಳಿಲ್ಲ."